ಒಂದೇ ಉಡುಪಿನಿಂದ ಶುರು ಮಾಡಿ, ಮೂವತ್ತೇ ಹೊಲಿಸಿ

ಪ್ರಶ್ನೆ: ನಾನು ಕೆಲಸದಲ್ಲಿದ್ದೇನೆ. ಹೊಲಿಗೆ ಕಲಿತು ಕೆಲವು ವರ್ಷ ಆಯಿತು. ನನಗೂ ಗೆಳೆಯರಿಗೂ ಶರ್ಟು, ಪ್ಯಾಂಟು ಹೊಲಿಯುತ್ತೇನೆ. ಪರಿಸರಕ್ಕೆ ಹೊರೆಯಾಗದ ಉಡುಪುಗಳ ಒಂದು ಪುಟ್ಟ ಬ್ರ್ಯಾಂಡ್ ಮಾಡಬೇಕು ಅಂತ ಬಹಳ ದಿನದ ಆಸೆ. ಹೊಟ್ಟೆಪಾಡಿಗೆ ಅಂತಲ್ಲ, ಖುಷಿಗೆ. ಹಾಗಂತ ಕೈಯಿಂದ ದುಡ್ಡು ಕಳೆದುಕೊಳ್ಳುವ ಸ್ಥಿತಿಯಲ್ಲೂ ಇಲ್ಲ. ಯಾವ ಬಟ್ಟೆ ಆರಿಸಲಿ? ಒಬ್ಬರು ಆರ್ಗ್ಯಾನಿಕ್ ಹತ್ತಿ ಅಂತಾರೆ, ಇನ್ನೊಬ್ಬರು ಬಿದಿರು ಅಂತಾರೆ, ಮತ್ತೊಬ್ಬರು ಮರುಬಳಕೆಯ ಪಾಲಿಯೆಸ್ಟರ್ ಅಂತಾರೆ. ಸರ್ಟಿಫಿಕೇಟ್ ಬೇಕಾ? ಮೊದಲಿಗೆ ಹತ್ತು ಡಿಸೈನ್‌ಗಳ ಕಲೆಕ್ಷನ್ ಮಾಡೋಣ ಅಂತಿದ್ದೇನೆ, ಸರಿಯಾ?

ಉತ್ತರ: ಹತ್ತು ಡಿಸೈನ್ ಬೇಡ. ಒಂದು ಸಾಕು. ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಇದರ ಮೇಲೆಯೇ ನಿಂತಿದೆ. ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಹತ್ತು ಡಿಸೈನ್, ಒಂದೊಂದಕ್ಕೆ ಐದು ಸೈಜ್, ಎರಡೆರಡು ಬಣ್ಣ. ಅಲ್ಲಿಗೇ 100 ಬಗೆ ಆಯಿತು. ಒಂದೊಂದು ಬಗೆಯಲ್ಲಿ ಮೂರೇ ಮೂರು ಹೊಲಿಸಿದರೂ 300 ಉಡುಪು. ಹತ್ತು ಪ್ಯಾಟರ್ನ್ (ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ) ಬೇಕು, ಹತ್ತಕ್ಕೂ ಗ್ರೇಡಿಂಗ್, ಅಂದರೆ ಅದನ್ನು ಒಂದೊಂದು ಸೈಜಿಗೂ ಹಿಗ್ಗಿಸಿ ಕುಗ್ಗಿಸುವ ಕೆಲಸ, ಆಗಬೇಕು, ಹತ್ತಕ್ಕೂ ಸ್ಯಾಂಪಲ್ ಹೊಲಿದು ಬಿಚ್ಚಿ ಮತ್ತೆ ಹೊಲಿಯಬೇಕು. ಮೊದಲ ಸಲ ಮಾರುವವರಿಗೆ ಯಾವ ಸೈಜ್ ಎಷ್ಟು ಹೋಗುತ್ತದೆ ಅನ್ನುವ ಅಂದಾಜೂ ಇರುವುದಿಲ್ಲ. ನಡುವಿನ ಸೈಜ್‌ಗಳು ಬೇಗ ಖಾಲಿಯಾಗುತ್ತವೆ. ತೀರಾ ಚಿಕ್ಕದು, ತೀರಾ ದೊಡ್ಡದು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಅದೇ ಒಂದು ಡಿಸೈನ್, ಒಂದು ಬಣ್ಣ, ಐದು ಸೈಜ್ ಅಂದರೆ 30 ಉಡುಪಿನಲ್ಲಿ ಕೆಲಸ ಮುಗಿಯುತ್ತದೆ.

ಇದು ಬರೀ ದುಡ್ಡಿನ ಮಾತಲ್ಲ. ಯಾರೂ ತೊಡದ ಉಡುಪಿಗಿಂತ ಪರಿಸರಕ್ಕೆ ಕೆಟ್ಟದ್ದು ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಹತ್ತಿ ಬೆಳೆಯಲು ನೀರು ಹೋಯಿತು, ಬಣ್ಣ ಹಾಕಲು ನೀರು, ಉಪ್ಪು, ಶಾಖ ಹೋಯಿತು, ಹೊಲಿಯುವವರ ಸಮಯ ಹೋಯಿತು. ಇಷ್ಟೆಲ್ಲ ಆದ ಮೇಲೆ ಅದು ಯಾರ ಮೈಗೂ ಏರಲಿಲ್ಲ ಅಂದರೆ ಹತ್ತಿ ಆರ್ಗ್ಯಾನಿಕ್ ಆಗಿದ್ದು ಏನು ಬಂತು? ದೊಡ್ಡ ಕಂಪನಿಗಳು ಎಷ್ಟೋ ತಿಂಗಳು ಮೊದಲೇ ಊಹೆ ಮಾಡಿ ಹೊಲಿಸಬೇಕು, ಊಹೆ ತಪ್ಪಿದರೆ ಸರಕು ಉಳಿಯುತ್ತದೆ. ಬ್ರಿಟನ್ನಿನ ಬರ್ಬೆರಿ ಕಂಪನಿ ಮಾರಾಟವಾಗದ ಸರಕನ್ನು ನಾಶ ಮಾಡಿದ್ದು 2018ರಲ್ಲಿ ಅದರದ್ದೇ ವಾರ್ಷಿಕ ವರದಿಯಿಂದ ಸುದ್ದಿಯಾಯಿತು. ಜನ ಸಿಟ್ಟಾದರು. ಅದೇ ವರ್ಷ ಕಂಪನಿ ಆ ಪದ್ಧತಿ ಬಿಡುವುದಾಗಿ ಹೇಳಿತು. ಫ್ರಾನ್ಸ್ 2020ರಲ್ಲಿ ಕಾನೂನನ್ನೇ ತಂದಿತು. ಅಲ್ಲಿ 2022ರಿಂದ ಮಾರಾಟವಾಗದ ಬಟ್ಟೆಯನ್ನು ಹಾಗೆ ನಾಶ ಮಾಡುವಂತಿಲ್ಲ. ಊಹೆ ಮಾಡಿ ಹೊಲಿಸುವ ಈ ತೊಂದರೆ ನಿಮಗೆ ಇಲ್ಲವೇ ಇಲ್ಲ. ನೀವು 30 ಹೊಲಿಸಬಹುದು, ಅಷ್ಟನ್ನೂ ಮಾರಬಹುದು, ಆಮೇಲೆ ಮುಂದಿನದನ್ನು ಯೋಚಿಸಬಹುದು. ಚಿಕ್ಕವರಾಗಿರುವುದರ ದೊಡ್ಡ ಲಾಭ ಇದೇ. ಹತ್ತು ಡಿಸೈನ್ ಮಾಡಲು ಹೋದರೆ ಅದು ಮೊದಲ ದಿನವೇ ಕೈಬಿಟ್ಟು ಹೋಗುತ್ತದೆ.

ಯಾವ ಉಡುಪು ಅಂತ ಆರಿಸುವುದು ಕಷ್ಟವಲ್ಲ. ನೀವು ಈಗಾಗಲೇ ಹಲವು ಸಲ ಹೊಲಿದಿರುವುದು, ಗೆಳೆಯರು ಪದೇ ಪದೇ ತೊಡುತ್ತಿರುವುದು ಯಾವುದು ನೋಡಿ. ಅವರ ಬಾಯಿಮಾತಿನ ಹೊಗಳಿಕೆ ಲೆಕ್ಕಕ್ಕಿಲ್ಲ. ಒಗೆದು ಒಗೆದು ಮಾಸಿರುವ ಶರ್ಟು ಅವರ ಬಳಿ ಇದೆಯಾ? ಅದೇ ನಿಮ್ಮ ಮೊದಲ ಉಡುಪು.

ಈಗ ಬಟ್ಟೆಯ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಗೊಂದಲ ಇರುವುದೂ ಇಲ್ಲೇ.

ಬಿದಿರಿನಿಂದ ಶುರು ಮಾಡೋಣ. ಅಂಗಡಿಯಲ್ಲಿ ಬಿದಿರಿನ ಬಟ್ಟೆ ಅಂತ ಮಾರುವ ಮೆತ್ತನೆಯ ಬಟ್ಟೆ ಹೆಚ್ಚುಕಡಿಮೆ ಎಲ್ಲವೂ ವಿಸ್ಕೋಸ್. ಬಿದಿರನ್ನು ತಿರುಳು ಮಾಡಿ, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಿಂದ ಕರಗುವಂತೆ ಮಾಡಿ, ಆ ದ್ರಾವಣವನ್ನು ಆಮ್ಲದೊಳಗೆ ಎಳೆಯಾಗಿ ಹೊರಡಿಸುತ್ತಾರೆ. ಕೊನೆಗೆ ಸಿಗುವ ನಾರಿನಲ್ಲಿ ಬಿದಿರಿನ ಗುಣ ಏನೂ ಉಳಿದಿರುವುದಿಲ್ಲ. ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯ ಕೆಲಸಗಾರರ ನರಗಳಿಗೆ ಹಾನಿ ಮಾಡುವುದು ಬಹಳ ಹಿಂದಿನಿಂದ ದಾಖಲಾಗಿರುವ ಸಂಗತಿ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಕೆಲವು ಮಾರಾಟಗಾರರ ಮೇಲೆ ಬಿದಿರಿನ ಹೆಸರು ಬಳಸಿದ್ದಕ್ಕೆ ಕ್ರಮ ಕೈಗೊಂಡಿತು. ರೇಯಾನ್ (ವಿಸ್ಕೋಸ್‌ಗೆ ಅಲ್ಲಿನ ಹೆಸರು) ಬಟ್ಟೆಯನ್ನು ಬಿದಿರಿನ ನಾರು ಅಂತ ಮಾರಿದರು, ಅದಕ್ಕೆ ಸೂಕ್ಷ್ಮಾಣು ತಡೆಯುವ ಗುಣ ಇದೆ ಅಂದರು ಎಂಬುದು ಆರೋಪ. 2013ರಲ್ಲಿ ಅಮೆಜಾನ್, ಮೇಸೀಸ್, ಸಿಯರ್ಸ್‌ನಂಥ ದೊಡ್ಡವರೂ ದಂಡ ಕಟ್ಟಿದರು. 2009ರ ಪ್ರಕರಣದಲ್ಲಿ ಸಿಕ್ಕಿಕೊಂಡವರಲ್ಲಿ ಚಿಕ್ಕ ಬ್ರ್ಯಾಂಡ್‌ಗಳೇ ಇದ್ದವು ಅನ್ನುವುದನ್ನು ಗಮನಿಸಿ. ಚಿಕ್ಕವರು ಅಂತ ಯಾರೂ ಬಿಡುವುದಿಲ್ಲ. ಮರದ ತಿರುಳಿನ ಬಟ್ಟೆಯೇ ಬೇಕು ಅಂದರೆ ಲಯೋಸೆಲ್ ನೋಡಿ. ಅದರಲ್ಲಿ ಬಳಸುವ ದ್ರಾವಕವನ್ನು 99 ಪ್ರತಿಶತಕ್ಕಿಂತ ಜಾಸ್ತಿ ಹಿಡಿದು ಮತ್ತೆ ಬಳಸುತ್ತಾರೆ, ಕಾರ್ಬನ್ ಡೈಸಲ್ಫೈಡ್‌ನ ಗೊಡವೆ ಇಲ್ಲ.

ಮರುಬಳಕೆಯ ಪಾಲಿಯೆಸ್ಟರ್ ಬಹುಪಾಲು ಬರುವುದು ಪ್ಲಾಸ್ಟಿಕ್ ಬಾಟಲಿಯಿಂದ. ಹಳೇ ಬಟ್ಟೆಯಿಂದ ಬರುವುದು ತೀರಾ ಕಡಿಮೆ. ಬಾಟಲಿಯನ್ನು ಮತ್ತೆ ಬಾಟಲಿ ಮಾಡುವ ದಾರಿ ಇದೆ. ಒಮ್ಮೆ ಅದು ಶರ್ಟಾಯಿತು ಅಂದರೆ ಸಾಮಾನ್ಯವಾಗಿ ಆ ದಾರಿ ಮುಗಿಯಿತು. ಒಗೆದಾಗ ಪುಟ್ಟ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುವುದೂ ಹೊಸ ಪಾಲಿಯೆಸ್ಟರ್‌ನಂತೆಯೇ. ಮಳೆಯ ಅಂಗಿಗೆ, ಓಟದ ಬಟ್ಟೆಗೆ ಅದಕ್ಕೆ ಜಾಗ ಇದೆ. ದಿನಾ ತೊಡುವ ಶರ್ಟಿಗೆ ನಾನು ಆರಿಸುವುದಿಲ್ಲ.

ಆರ್ಗ್ಯಾನಿಕ್ ಹತ್ತಿ ಒಳ್ಳೆಯದೇ. ರಾಸಾಯನಿಕ ಕೀಟನಾಶಕ ಇಲ್ಲ, ಕುಲಾಂತರಿ ಬೀಜ ಇಲ್ಲ. ಆದರೆ ಆ ಮಾತು ಹೊಲದಲ್ಲಿ ಏನಾಯಿತು ಅನ್ನುವುದನ್ನು ಮಾತ್ರ ಹೇಳುತ್ತದೆ. ಬಟ್ಟೆ ಎಷ್ಟು ದಿನ ಬಾಳುತ್ತದೆ ಅನ್ನುವುದು ನಾರಿನ ಉದ್ದ, ನೂಲಿನ ಹುರಿ, ನೇಯ್ಗೆಯ ಬಿಗಿ ಇವುಗಳ ಮೇಲೆ ನಿಂತಿದೆ. ಗಿಡ್ಡ ನಾರಿನಿಂದ ಸಡಿಲವಾಗಿ ನೂತ ನೂಲಾದರೆ ಆರ್ಗ್ಯಾನಿಕ್ ಬಟ್ಟೆಯ ಮೇಲೂ ಕೆಲವೇ ಒಗೆತಕ್ಕೆ ಗುಳ್ಳೆ ಗುಳ್ಳೆ ಏಳುತ್ತವೆ.

ಹಾಗಾದರೆ ಯಾವುದು? ಮೊದಲ ಉಡುಪಿಗೆ ಹತ್ತಿ ಇಲ್ಲವೇ ಲಿನನ್ (ಅಗಸೆ ನಾರಿನ ಬಟ್ಟೆ) ಅಂತ ನನ್ನ ಸಲಹೆ. ನೇಯ್ದ ಬಟ್ಟೆ ಇರಲಿ, ಹೆಣೆದ ಟೀಶರ್ಟ್ ಬಟ್ಟೆ ಬೇಡ. ಒಂದೇ ನಾರಿನದ್ದಾಗಿರಲಿ. ಹತ್ತಿ, ಅಗಸೆ ಎರಡೂ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುವ ನಾರುಗಳು. ಸಾಮಾನ್ಯ ವಿಸ್ಕೋಸ್ ಒದ್ದೆಯಾದರೆ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ನೂರಾರು ಸಲ ಒಗೆಯುವ ಉಡುಪಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಒಂದೇ ನಾರು ಯಾಕೆ ಅಂದರೆ ಹತ್ತಿ ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಆಮೇಲೆ ಬೇರ್ಪಡಿಸಿ ಮರುಬಳಸುವುದು ಬಹಳ ಕಷ್ಟ. ಎಳೆದರೆ ಹಿಗ್ಗುವ ಎಲಾಸ್ಟೇನ್ ನಾರು ಚೂರೇ ಚೂರು ಇದ್ದರೂ ತೊಂದರೆಯೇ. ಅಲ್ಲದೆ ಉಡುಪಿನಲ್ಲಿ ಮೊದಲು ಸೋಲುವುದೂ ಆ ಎಲಾಸ್ಟೇನೇ. ಮೊಣಕಾಲು, ಮೊಣಕೈ ಜಾಗದಲ್ಲಿ ಜೋತು ಬೀಳುತ್ತದೆ.

ನೂಲಿನ ಬಗ್ಗೆ ಒಂದು ಮಾತು. ಎಲ್ಲವೂ ನೈಸರ್ಗಿಕವಾಗಿರಬೇಕು ಅಂತ ಹತ್ತಿ ನೂಲಲ್ಲೇ ಹೊಲಿಯುವವರಿದ್ದಾರೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೂ ಬಲ ಬೀಳುವ ಹೊಲಿಗೆಗೆ ನಾನು ಪಾಲಿಯೆಸ್ಟರ್ ನೂಲನ್ನೇ ಹೇಳುತ್ತೇನೆ. ಕಂಕುಳಲ್ಲಿ ಹೊಲಿಗೆ ಬಿಟ್ಟರೆ ಎಷ್ಟೋ ಜನ ಮತ್ತೆ ಹೊಲಿಯುವ ಗೋಜಿಗೇ ಹೋಗದೆ ಉಡುಪನ್ನು ಎಸೆಯುತ್ತಾರೆ. ಕೆಲವು ಗ್ರಾಂ ಪಾಲಿಯೆಸ್ಟರ್‌ನಿಂದ ಶರ್ಟು ಇನ್ನೂ ನಾಲ್ಕು ವರ್ಷ ಬಾಳಿದರೆ ಅದೇ ಮೇಲು. ಯಾವ ನೂಲು ಬಳಸಿದ್ದೀರಿ ಅಂತ ಕೊಳ್ಳುವವರಿಗೆ ಹೇಳಿಬಿಡಿ, ಅಷ್ಟೇ.

ಬಟ್ಟೆ ಎಲ್ಲಿಂದ ತರುವುದು? ಗಿರಣಿಗಳು ಒಂದು ಬಣ್ಣಕ್ಕೆ ನೂರಾರು, ಕೆಲವೊಮ್ಮೆ ಸಾವಿರ ಮೀಟರ್ ಮಿನಿಮಮ್ ಆರ್ಡರ್ ಕೇಳುತ್ತವೆ. 30 ಶರ್ಟಿಗೆ ನಿಮಗೆ ಬೇಕಾಗುವುದು 60 ಮೀಟರ್ ಆಸುಪಾಸು. ಹಾಗಾಗಿ ಸಗಟು ವ್ಯಾಪಾರಿಗಳ ಬಳಿ ಇರುವ ಸಿದ್ಧ ಬಟ್ಟೆ ಇಲ್ಲವೇ ಡೆಡ್‌ಸ್ಟಾಕ್ ನಿಮ್ಮ ದಾರಿ. ಡೆಡ್‌ಸ್ಟಾಕ್ ಅಂದರೆ ಗಿರಣಿಯಲ್ಲೋ ದೊಡ್ಡ ಬ್ರ್ಯಾಂಡಿನ ಗೋದಾಮಿನಲ್ಲೋ ಉಳಿದುಹೋದ ಥಾನು. ಹೊಸದಾಗಿ ಏನೂ ನೇಯಿಸಬೇಕಿಲ್ಲ, ಕಡಿಮೆ ಮೀಟರ್ ಸಿಗುತ್ತದೆ. ಮತ್ತೆ ಅದೇ ಬಟ್ಟೆ ಸಿಗುವುದಿಲ್ಲ ಅನ್ನುವುದೇ ಅದರ ತೊಡಕು. 30 ಉಡುಪಿನ ಬ್ರ್ಯಾಂಡಿಗೆ ಅದು ತೊಡಕೇ ಅಲ್ಲ, ಅಲ್ವಾ? ಆದರೆ ಕೆಲವು ಗಿರಣಿಗಳು ಬೇಕಂತಲೇ ಜಾಸ್ತಿ ನೇಯ್ದು ಉಳಿದದ್ದು ಅಂತ ಮಾರುವುದೂ ಉಂಟು. ಇದು ಯಾರಿಗೆ ನೇಯ್ದದ್ದು, ಯಾಕೆ ಉಳಿಯಿತು ಅಂತ ಕೇಳಿ. ಉತ್ತರ ಹೇಗೆ ಬರುತ್ತದೆ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ.

ನಾರು ಯಾವುದು ಅನ್ನುವ ಬಗ್ಗೆ ಅನುಮಾನ ಇದ್ದರೆ ಸುಟ್ಟು ನೋಡಿ. ಹಾಸಿನಿಂದ (ಥಾನಿನ ಉದ್ದಕ್ಕೆ ಹೋಗುವ ನೂಲು) ನಾಲ್ಕು ಎಳೆ, ಹೊಕ್ಕಿನಿಂದ (ಅಡ್ಡಕ್ಕೆ ಹೋಗುವ ನೂಲು) ನಾಲ್ಕು ಎಳೆ ಬೇರೆ ಬೇರೆ ತೆಗೆಯಿರಿ. ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ಬೋಗುಣಿ ಇಟ್ಟುಕೊಂಡು ಹೊತ್ತಿಸಿ. ಹತ್ತಿ, ಲಿನನ್ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಕೊನೆಗೆ ಗಟ್ಟಿ ಮಣಿಯಾಗುತ್ತದೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ ಬರಿಸುತ್ತವೆ. ವಿಸ್ಕೋಸ್ ಕೂಡ ಹತ್ತಿಯಂತೆಯೇ ಉರಿಯುವುದರಿಂದ ಆ ಎರಡನ್ನು ಇದರಿಂದ ಬೇರ್ಪಡಿಸಲು ಆಗದು. ಆದರೆ ಶುದ್ಧ ಹತ್ತಿ ಅಂತ ಹೇಳಿ ಪಾಲಿಯೆಸ್ಟರ್ ಬೆರೆಸಿ ಕೊಟ್ಟಿದ್ದರೆ ಸಿಕ್ಕಿಬೀಳುತ್ತದೆ.

ಥಾನು ಕೊಳ್ಳುವ ಮೊದಲು ಒಂದು ಮೀಟರ್ ಮಾತ್ರ ತನ್ನಿ. ಅದರಲ್ಲಿ 60 ಸೆಂಟಿಮೀಟರ್ ಚೌಕ ಕತ್ತರಿಸಿ, ಅಂಚಿನ ಎಳೆ ಬಿಚ್ಚದಂತೆ ಓವರ್‌ಲಾಕ್ ಹೊಲಿಗೆ ಹಾಕಿ. ಒಳಗೆ ಸರಿಯಾಗಿ 50 ಸೆಂಟಿಮೀಟರ್ ಚೌಕವನ್ನು ಬಣ್ಣದ ನೂಲಿನಲ್ಲಿ ಹೊಲಿದು ಗುರುತು ಮಾಡಿ. ಪೆನ್ನಿನ ಗೆರೆ ಒಗೆದರೆ ಹೋಗಿಬಿಡುತ್ತದೆ. ಯಾವ ಕಡೆ ಹಾಸು, ಯಾವ ಕಡೆ ಹೊಕ್ಕು ಅನ್ನುವುದನ್ನೂ ಗುರುತಿಸಿ. ನಿಮ್ಮ ಉಡುಪನ್ನು ಕೊಳ್ಳುವವರು ಹೇಗೆ ಒಗೆಯುತ್ತಾರೋ ಹಾಗೇ ಮೂರು ಸಲ ಒಗೆದು ಒಣಗಿಸಿ ಅಳೆಯಿರಿ. ಹಾಸಿನ ಕಡೆ 50 ಇದ್ದದ್ದು 47.5 ಆಗಿದ್ದರೆ 5 ಪ್ರತಿಶತ ಕುಗ್ಗಿದೆ. ಕೇಳಲು ಸಣ್ಣದು. ಆದರೆ 72 ಸೆಂಟಿಮೀಟರ್ ಉದ್ದದ ಶರ್ಟು ಇದರಿಂದ 3.6 ಸೆಂಟಿಮೀಟರ್ ಗಿಡ್ಡವಾಗುತ್ತದೆ, 60 ಸೆಂಟಿಮೀಟರ್ ತೋಳು 3 ಸೆಂಟಿಮೀಟರ್ ಮೇಲೇರುತ್ತದೆ. ಅಳತೆ ಸರಿ ಇದ್ದ ಶರ್ಟು ಒಂದೇ ತಿಂಗಳಲ್ಲಿ ಬೀರುವಿನ ಮೂಲೆ ಸೇರುತ್ತದೆ. ಕುಗ್ಗುವ ಬಟ್ಟೆ ಕೆಟ್ಟದ್ದು ಅಂತಲ್ಲ. ಕತ್ತರಿಸುವ ಮೊದಲು ಪೂರ್ತಿ ಥಾನನ್ನು ಒಗೆದುಬಿಡಿ, ಇಲ್ಲವೇ ಅಷ್ಟನ್ನು ಪ್ಯಾಟರ್ನಿಗೆ ಸೇರಿಸಿ. ಹಾಸು ಹೊಕ್ಕು ಎರಡೂ ಒಂದೇ ಸಮ ಕುಗ್ಗುವುದಿಲ್ಲ, ಸಾಮಾನ್ಯವಾಗಿ ಹಾಸಿನ ಕಡೆ ಜಾಸ್ತಿ. ಹಾಗಾಗಿ ಉದ್ದಕ್ಕೆ ಒಂದು ಲೆಕ್ಕ, ಅಗಲಕ್ಕೆ ಇನ್ನೊಂದು.

ಮಿಕ್ಕ ತುಂಡಿನಲ್ಲಿ ಬಣ್ಣ ನೋಡಿ. ಒಣ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ, ಇನ್ನು ಹತ್ತು ಸಲ ಅದನ್ನು ಒದ್ದೆ ಮಾಡಿ ಉಜ್ಜಿ. ಗಾಢ ನೀಲಿ, ಕಪ್ಪು, ಕೆಂಪು ಒದ್ದೆಯಲ್ಲೇ ಹೆಚ್ಚು ಬಿಡುವುದು. ಒಂದು ಪಟ್ಟಿಯ ಅರ್ಧಕ್ಕೆ ರಟ್ಟು ಮುಚ್ಚಿ ಎರಡು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಎರಡೂ ಅರ್ಧದ ಬಣ್ಣ ಹೋಲಿಸಿ ನೋಡಿ. ಎರಡು ತುಂಡು ಸೇರಿಸಿ ಹೊಲಿದು, ಎರಡೂ ಕಡೆ ಬಲವಾಗಿ ಎಳೆಯಿರಿ. ಹೊಲಿಗೆ ಗಟ್ಟಿಯಾಗಿದ್ದು ಪಕ್ಕದ ಎಳೆಗಳು ಸರಿದು ಸಂದು ಬಿಟ್ಟರೆ ಆ ಬಟ್ಟೆಯಲ್ಲಿ ಮೈಗೆ ಅಂಟುವ ಉಡುಪು ಮಾಡಬೇಡಿ. ದೊಡ್ಡ ಕಂಪನಿಗಳು ಇದನ್ನೆಲ್ಲ ಪ್ರಯೋಗಾಲಯದಲ್ಲಿ ಮಾಡಿಸುತ್ತವೆ. ನಿಮಗೆ ಒಂದು ಮೀಟರ್ ಬಟ್ಟೆ, ಎರಡು ವಾರ ಸಾಕು.

ನೈಸರ್ಗಿಕ ಬಣ್ಣದ ಆಸೆ ಇದ್ದರೆ ಅದನ್ನು ಮೊದಲ ಉಡುಪಿಗೆ ತರಬೇಡಿ. ಗಿಡದ ಬಣ್ಣ ಅಂದ ಮಾತ್ರಕ್ಕೆ ನಿರುಪದ್ರವಿ ಆಗುವುದಿಲ್ಲ. ಬಣ್ಣ ಹಿಡಿಸಲು ಬಳಸುವ ಲವಣ ಯಾವುದು ಅನ್ನುವುದು ಮುಖ್ಯ. ಪಟಿಕ ಪರವಾಗಿಲ್ಲ, ಕ್ರೋಮ್ ಬೇಡವೇ ಬೇಡ. ಅರಿಶಿನದಂಥ ಬಣ್ಣ ಬಿಸಿಲಿಗೆ ನಿಲ್ಲುವುದೂ ಇಲ್ಲ. ಅದು ವರ್ಷಗಟ್ಟಲೆ ಕಲಿಯುವ ಬೇರೆಯೇ ವಿದ್ಯೆ.

ಸ್ಯಾಂಪಲ್ ಆದ ಮೇಲೆ ನೀವೇ ಒಂದು ತಿಂಗಳು ತೊಡಿ. ನೆಪಕ್ಕೆ ತೊಡುವುದಲ್ಲ, ಅದರಲ್ಲೇ ಕೆಲಸಕ್ಕೆ ಹೋಗಿ, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಿ, ಮನೆ ಗುಡಿಸಿ. ಜೇಬಿನ ಮೂಲೆ, ಕಂಕುಳು, ಕಾಜ, ಕಾಲರಿನ ಮಡಿಕೆ ಇವೇ ಮೊದಲು ಸೋಲುವ ಜಾಗಗಳು. ಜೇಬಿನ ಮೂಲೆಗೆ ಬಾರ್‌ಟ್ಯಾಕ್, ಅಂದರೆ ಒತ್ತೊತ್ತಾದ ಗಟ್ಟಿ ಹೊಲಿಗೆ, ಹಾಕಿಸಿ. ಒಂದು ಇಂಚಿಗೆ 10ರಿಂದ 12 ಹೊಲಿಗೆ ಇರಲಿ. ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಸೆಂಟಿಮೀಟರ್ ಬಟ್ಟೆ ಒಳಗೆ ಬಿಡಿ, ಮೈ ದಪ್ಪವಾದರೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು. ಕಾರ್ಖಾನೆಗಳು ಬಟ್ಟೆ ಉಳಿಸಲು ಮೊದಲು ಕತ್ತರಿ ಹಾಕುವುದೇ ಇಲ್ಲಿಗೆ. ಒಂದು ಗುಂಡಿ ಜಾಸ್ತಿ ಕೊಡಿ, ಜೊತೆಗೆ ಅದೇ ಬಟ್ಟೆಯ ಅಂಗೈ ಅಗಲದ ತುಂಡು ತೇಪೆಗೆ. ಕಟಿಂಗ್‌ನಲ್ಲಿ ಸಾಮಾನ್ಯವಾಗಿ 10ರಿಂದ 20 ಪ್ರತಿಶತ ಬಟ್ಟೆ ಚೂರಾಗಿ ಹೋಗುತ್ತದೆ, ಆ ತೇಪೆ ಅಲ್ಲಿಂದಲೇ ಬರಲಿ.

ಹೊಲಿಯುವವರು ಯಾರು ಅನ್ನುವುದು ನನಗೆ ಬಟ್ಟೆಗಿಂತ ಮುಖ್ಯ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕಿಂತ ಹೆಚ್ಚು ಜನ ಸತ್ತರು. ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸಗಾರರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಅವರನ್ನು ಒಳಗೆ ಕಳುಹಿಸಿದ್ದರು. ಅಲ್ಲಿ ಯಾವ ಬ್ರ್ಯಾಂಡಿಗೆ ಹೊಲಿಯುತ್ತಿದ್ದರು ಅನ್ನುವುದನ್ನು ಅವಶೇಷಗಳ ನಡುವೆ ಸಿಕ್ಕ ಲೇಬಲ್‌ಗಳಿಂದ ಕಂಡುಹಿಡಿಯಬೇಕಾಯಿತು. ನನ್ನ ಬಟ್ಟೆ ಹೊಲಿದವರು ಯಾರು ಅಂತ ಕೇಳುವ ಫ್ಯಾಶನ್ ರೆವಲ್ಯೂಶನ್ ಚಳವಳಿ ಹುಟ್ಟಿದ್ದು ಇದಾದ ಮೇಲೆ. ಆ ಪ್ರಶ್ನೆಗೆ ದೊಡ್ಡ ಕಂಪನಿ ಉತ್ತರ ಹುಡುಕಬೇಕು. ನಿಮ್ಮಲ್ಲಿ ಉತ್ತರ ಮೊದಲ ದಿನದಿಂದಲೇ ಇರಬೇಕು.

ನಿಮಗೆ ಹೊಲಿಗೆ ಬರುವುದರಿಂದ ಒಂದು ಅನುಕೂಲ ಇದೆ. ಮೊದಲ ಶರ್ಟನ್ನು ಗಡಿಯಾರ ಇಟ್ಟುಕೊಂಡು ನೀವೇ ಹೊಲಿಯಿರಿ. ನುರಿತವರು ನಿಮಗಿಂತ ಬೇಗ ಹೊಲಿಯುತ್ತಾರೆ, ಅರ್ಧ ಹೊತ್ತು ಅಂತಲೇ ಇಟ್ಟುಕೊಳ್ಳಿ. ಆ ಹೊತ್ತಿಗೆ ಒಬ್ಬರು ಮರ್ಯಾದೆಯಿಂದ ಬದುಕಲು ಸಾಕಾಗುವ ಕೂಲಿ ಎಷ್ಟಾಗುತ್ತದೆ ಲೆಕ್ಕ ಹಾಕಿ. ಹೊಲಿಗೆ ಘಟಕದವರು ಅದಕ್ಕಿಂತ ಕಡಿಮೆ ದರ ಹೇಳಿದರೆ ಸಂತೋಷಪಡಬೇಡಿ. ಆ ವ್ಯತ್ಯಾಸ ಯಾರದೋ ಸಂಬಳದಿಂದ ಬರುತ್ತಿದೆ. ಘಟಕಕ್ಕೆ ಹೋಗಿ ನೋಡಿ, ಬೆಳಕು ಗಾಳಿ ಹೇಗಿದೆ, ಬಾಗಿಲಿಗೆ ಬೀಗ ಹಾಕುತ್ತಾರಾ, ವಾರದ ರಜೆ ಯಾವಾಗ ಅಂತ ಹೊಲಿಯುವವರನ್ನೇ ಕೇಳಿ. ಒಳಗೆ ಬಿಡಲು ಒಪ್ಪದ ಕಡೆ ಕೆಲಸ ಕೊಡಬೇಡಿ. 30 ಉಡುಪಿನ ಆರ್ಡರಿಗೆ ಅವರು ದರ ಜಾಸ್ತಿ ಕೇಳುತ್ತಾರೆ, ಅದು ನ್ಯಾಯವೇ. ಸಣ್ಣ ಆರ್ಡರಿಗೂ ಮೆಷಿನ್ ಹೊಂದಿಸುವ ಹೊತ್ತು ಅಷ್ಟೇ ಬೇಕು.

ಈಗ ದುಡ್ಡು. ಬಟ್ಟೆ, ನೂಲು, ಗುಂಡಿ, ಲೇಬಲ್, ಹೊಲಿಗೆ ಕೂಲಿ ಎಲ್ಲ ಸೇರಿ ಒಂದು ಶರ್ಟಿಗೆ 100 ಅಂತ ಇಟ್ಟುಕೊಳ್ಳಿ, ಇದು ನಿಜವಾದ ಬೆಲೆಯಲ್ಲ, ಲೆಕ್ಕ ಸುಲಭವಾಗಲಿ ಅಂತ ಅಷ್ಟೇ. ಪ್ಯಾಟರ್ನ್, ಗ್ರೇಡಿಂಗ್, ಸ್ಯಾಂಪಲ್, ಫೋಟೊ ಇವಕ್ಕೆಲ್ಲ ಒಟ್ಟು 1,500 ಹೋಯಿತು. 30 ಶರ್ಟಿಗೆ ಹಂಚಿದರೆ ಒಂದಕ್ಕೆ 50. ಪ್ಯಾಕಿಂಗ್, ಕೊರಿಯರ್, ವಾಪಸ್ ಬರುವ ಮಾಲು, ಪಾವತಿಯ ಶುಲ್ಕ ಸೇರಿ 25. ಅಲ್ಲಿಗೆ ನಿಮ್ಮ ಶ್ರಮಕ್ಕೆ ಬಿಡಿಗಾಸೂ ಹಾಕದೆ ಒಂದು ಶರ್ಟು 175ಕ್ಕೆ ಬಂತು, ಮೂವತ್ತಕ್ಕೆ 5,250. ಒಂದನ್ನು 200ಕ್ಕೆ ಮಾರಿದರೆ 27 ಶರ್ಟು ಹೋದ ಮೇಲಷ್ಟೇ ಹಾಕಿದ ದುಡ್ಡು ಕೈಸೇರುತ್ತದೆ. 250ಕ್ಕೆ ಮಾರಿದರೆ 21ಕ್ಕೇ ಸೇರುತ್ತದೆ, ಉಳಿದ ಒಂಬತ್ತು ಮುಂದಿನ ಥಾನಿನ ದುಡ್ಡು. ತಯಾರಿಕೆಯ ಖರ್ಚಿನ, ಅಂದರೆ ಆ 100ರ, ಎರಡೂವರೆ ಪಟ್ಟು ಅಂದರೆ ದುರಾಸೆ ಅನ್ನಿಸಬಹುದು, ಆದರೆ ಅದಕ್ಕಿಂತ ಕಡಿಮೆಗೆ ಮಾರಿದವರು ಎರಡನೇ ಸಲ ಹೊಲಿಸುವುದು ಕಷ್ಟ. ಅಂಗಡಿಗಳ ಮೂಲಕ ಮಾರುವ ಯೋಚನೆ ಸದ್ಯಕ್ಕೆ ಬಿಡಿ. ಅವರು ಮಾರುವ ಬೆಲೆಯ ಅರ್ಧದಷ್ಟನ್ನು ತಾವು ಇಟ್ಟುಕೊಳ್ಳುವುದು ರೂಢಿ, ಈ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಗೆಳೆಯರಿಗೆ ರಿಯಾಯಿತಿಯನ್ನೂ ಕೊಡಬೇಡಿ. ಮೊದಲ 30ರಲ್ಲಿ ಅರ್ಧ ಕೊಳ್ಳುವವರು ಅವರೇ.

ಇನ್ನೂ ಒಳ್ಳೆಯ ದಾರಿ ಮುಂಗಡ ಆರ್ಡರ್. ಸ್ಯಾಂಪಲ್ ತೋರಿಸಿ, ಸೈಜ್ ತಿಳಿದುಕೊಂಡು, ದುಡ್ಡು ತೆಗೆದುಕೊಂಡು ಆಮೇಲೆ ಬಟ್ಟೆ ಕತ್ತರಿಸಿ. ಉಳಿಯುವ ಮಾತೇ ಇಲ್ಲ. ಕೊಳ್ಳುವವರು ಐದಾರು ವಾರ ಕಾಯಬೇಕಾಗುತ್ತದೆ, ಆ ಮಾತನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿ. ತಡವಾದರೆ ಅವರು ಕೇಳುವ ಮುಂಚೆ ನೀವೇ ತಿಳಿಸಿ.

ಸರ್ಟಿಫಿಕೇಟ್ ಬಗ್ಗೆ ಕೇಳಿದ್ದೀರಿ. ಹೆಸರು ಕೇಳಿರುವ ಎರಡನ್ನು ಬಿಡಿಸಿ ಹೇಳುತ್ತೇನೆ. ಆರ್ಗ್ಯಾನಿಕ್ ಬಟ್ಟೆಯ ಜಾಗತಿಕ ಮಾನದಂಡವಾದ ಜಿಒಟಿಎಸ್ ನಾರಿನಿಂದ ಹಿಡಿದು ಬಣ್ಣ, ಹೊಲಿಗೆ, ಕೆಲಸದ ಪರಿಸ್ಥಿತಿವರೆಗೆ ಎಲ್ಲ ಹಂತ ನೋಡುತ್ತದೆ. ಬಟ್ಟೆಯಲ್ಲಿ ಕನಿಷ್ಠ 70 ಪ್ರತಿಶತ ಆರ್ಗ್ಯಾನಿಕ್ ನಾರು ಇರಬೇಕು, ಬರೀ ಆರ್ಗ್ಯಾನಿಕ್ ಅಂತ ಲೇಬಲ್ ಹಾಕಲು 95. ಇಲ್ಲಿ ಬಹಳ ಜನ ಎಡವುತ್ತಾರೆ. ಜಿಒಟಿಎಸ್ ಬಟ್ಟೆ ತಂದು, ಸರ್ಟಿಫಿಕೇಟ್ ಇಲ್ಲದ ಘಟಕದಲ್ಲಿ ಹೊಲಿಸಿದರೆ ಆ ಉಡುಪಿನ ಮೇಲೆ ಜಿಒಟಿಎಸ್ ಲೋಗೊ ಹಾಕುವಂತಿಲ್ಲ. ಸರಪಳಿ ಅಲ್ಲಿಗೆ ತುಂಡಾಯಿತು. 1992ರಿಂದ ಇರುವ ಓಕೊಟೆಕ್ಸ್ ಸ್ಟ್ಯಾಂಡರ್ಡ್ 100 ಬಟ್ಟೆಯಲ್ಲಿ ಮೈಗೆ ಹಾನಿ ಮಾಡುವ ರಾಸಾಯನಿಕ ಇದೆಯಾ ಅಂತ ಮಾತ್ರ ಪರೀಕ್ಷಿಸುತ್ತದೆ. ಹತ್ತಿ ಹೇಗೆ ಬೆಳೆದರು, ಹೊಲಿದವರಿಗೆ ಏನು ಕೊಟ್ಟರು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. 30 ಉಡುಪಿಗೆ ನೀವೇ ಸರ್ಟಿಫಿಕೇಟ್ ಮಾಡಿಸುವುದು ಅನಗತ್ಯ ಖರ್ಚು. ಬಟ್ಟೆ ಕೊಡುವವರ ಸರ್ಟಿಫಿಕೇಟ್ ನಂಬರ್ ಕೇಳಿ ಪರಿಶೀಲಿಸಿ, ಸಾಕು.

ಲೋಗೊ ಬದಲಿಗೆ ವಿವರ ಬರೆಯಿರಿ. ಪರಿಸರಸ್ನೇಹಿ, ಹಸಿರು ಅನ್ನುವ ಪದಗಳನ್ನು ಮುಟ್ಟಬೇಡಿ. ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿದ ನಿರ್ದೇಶನದ ಪ್ರಕಾರ 2026ರ ಸೆಪ್ಟೆಂಬರ್ 27ರಿಂದ ಆಧಾರವಿಲ್ಲದೆ ಇಂಥ ಪದ ಬಳಸುವಂತಿಲ್ಲ. ಬ್ರಿಟನ್ 2021ರಲ್ಲೇ ಇದಕ್ಕೊಂದು ಮಾರ್ಗಸೂಚಿ ತಂದಿದೆ. ಫ್ಯಾಶನ್ ಜಗತ್ತಿನ ಎರಡನೇ ಅತಿ ದೊಡ್ಡ ಮಾಲಿನ್ಯಕಾರಿ ಉದ್ಯಮ ಅನ್ನುವ ಸಾಲನ್ನೂ ಎಲ್ಲಾದರೂ ಓದಿರುತ್ತೀರಿ. ಎಲ್ಲರೂ ಬರೆಯುತ್ತಾರೆ, ಅದರ ಹಿಂದೆ ಗಟ್ಟಿ ಆಧಾರ ಇಲ್ಲ. ನಿಮ್ಮ ಪುಟದಲ್ಲಿ ಅದು ಬೇಡ. ನಾನಾದರೆ ಹೀಗೆ ಬರೆಯುತ್ತೇನೆ:

“ಶೇ. 100 ಹತ್ತಿ, ಚದರ ಮೀಟರಿಗೆ 130 ಗ್ರಾಂ. ಒಂದು ಗಿರಣಿಯಲ್ಲಿ ಉಳಿದಿದ್ದ ಥಾನು. ಹೊಲಿದ ನೂಲು ಪಾಲಿಯೆಸ್ಟರ್, ಗುಂಡಿ ತೆಂಗಿನ ಚಿಪ್ಪಿನದು. ಕತ್ತರಿಸುವ ಮೊದಲು ಬಟ್ಟೆ ಒಗೆದಿದ್ದೇವೆ. ಮೂವರು ಹೊಲಿದರು, ಒಂದು ಶರ್ಟಿಗೆ ಇಷ್ಟು ಕೂಲಿ ಕೊಟ್ಟೆವು. ಹತ್ತಿ ಎಲ್ಲಿ ಬೆಳೆದದ್ದು, ಬಣ್ಣ ಎಲ್ಲಿ ಹಾಕಿದ್ದು ಅಂತ ನಮಗೆ ತಿಳಿಯಲು ಆಗಲಿಲ್ಲ.”

ಕೊನೆಯ ವಾಕ್ಯ ಬಿಡಬೇಡಿ. ಅದನ್ನು ಓದಿದವರು ಮೇಲಿನದ್ದನ್ನೆಲ್ಲ ನಂಬುತ್ತಾರೆ.

ಇನ್ನು ಸಣ್ಣಪುಟ್ಟದ್ದು. ನಾರಿನ ಪ್ರಮಾಣ, ಒಗೆಯುವ ಸೂಚನೆ ಲೇಬಲ್‌ನಲ್ಲಿರಬೇಕು ಅಂತ ಎಷ್ಟೋ ದೇಶಗಳಲ್ಲಿ ಕಾನೂನೇ ಇದೆ. ತೆರಿಗೆ, ನೋಂದಣಿ ನಿಯಮ ಒಂದೊಂದು ಕಡೆ ಒಂದೊಂದು ಥರ, ಮೊದಲ ಮಾರಾಟಕ್ಕೆ ಮುಂಚೆ ಒಬ್ಬ ಲೆಕ್ಕಿಗರನ್ನು ಕಾಣಿ. ನಿಮ್ಮ ಕೆಲಸದ ಕರಾರಿನಲ್ಲಿ ಬೇರೆ ವ್ಯವಹಾರಕ್ಕೆ ಅಡ್ಡಿ ಇದೆಯಾ ಓದಿ. ಹೆಸರು ಇಡುವ ಮೊದಲು ಅದೇ ಹೆಸರಿನ ಟ್ರೇಡ್‌ಮಾರ್ಕ್ ಇದೆಯಾ ನೋಡಿ. ಲೋಗೊಗೆ ದುಡ್ಡು ಸುರಿಯಬೇಡಿ, ಆ ದುಡ್ಡಿನಲ್ಲಿ ಇನ್ನೊಂದು ಸ್ಯಾಂಪಲ್ ಆಗುತ್ತದೆ.

ಖುಷಿಗೆ ಅಂತ ಶುರು ಮಾಡಿದ್ದು ಖುಷಿಯಾಗಿಯೇ ಉಳಿಯಬೇಕಾದರೆ ಎರಡು ಗೆರೆ ಈಗಲೇ ಎಳೆಯಿರಿ. ಪೂರ್ತಿ ಹೋದರೂ ನಿದ್ದೆಗೆಡದಷ್ಟು ದುಡ್ಡು ಎಷ್ಟು? ಅದನ್ನು ಬೇರೆ ಖಾತೆಯಲ್ಲಿಡಿ, ಸಾಲ ಮಾಡಿ ಅದಕ್ಕೆ ಸೇರಿಸಬೇಡಿ. ವಾರಕ್ಕೆ ಎಷ್ಟು ಗಂಟೆ? ಅದರಲ್ಲಿ ಹೊಲಿಗೆಗೆ ಸಿಗುವುದು ಕಾಲು ಭಾಗ ಮಾತ್ರ ಅಂತ ತಿಳಿದಿರಿ. ಬಾಕಿ ಹೊತ್ತು ಫೋನು, ಪ್ಯಾಕಿಂಗ್, ಲೆಕ್ಕ, ಸೈಜ್ ಬದಲಿಸಿ ಕೊಡುವುದರಲ್ಲಿ ಹೋಗುತ್ತದೆ. ಆ ಕೆಲಸ ನಿಮಗೆ ತೀರಾ ಬೇಸರ ಅನ್ನಿಸುವಂತಿದ್ದರೆ ಮಾರುವುದರಲ್ಲಿ ಆಸಕ್ತಿ ಇರುವ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ.

ಮೊದಲ 30 ಹೋದ ಮೇಲೆ ತಕ್ಷಣ ಎರಡನೇ ಡಿಸೈನಿಗೆ ಹಾರಬೇಡಿ. ಆರು ತಿಂಗಳು ಬಿಟ್ಟು ಕೊಂಡವರಿಗೆಲ್ಲ ಬರೆಯಿರಿ. ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. ಕಳೆದ ತಿಂಗಳು ಎಷ್ಟು ಸಲ ತೊಟ್ಟಿರಿ, ಎಲ್ಲಾದರೂ ಹೊಲಿಗೆ ಬಿಟ್ಟಿದೆಯಾ, ಒಗೆದ ಮೇಲೆ ಅಳತೆ ಹೇಗಿದೆ ಅಂತ ಕೇಳಿ. ಕಾಲರ್, ಕಂಕುಳಿನ ಫೋಟೊ ಕಳಿಸಲು ಹೇಳಿ. ಹರಿದದ್ದಿದ್ದರೆ ತರಿಸಿಕೊಂಡು ನೀವೇ ಹೊಲಿದು ಕೊಡಿ, ಎಲ್ಲಿ ಹರಿದಿದೆ ಅಂತ ಬರೆದಿಡಿ. ಪ್ಯಾಟರ್ನಿನಲ್ಲಿ ಮೊದಲು ತಿದ್ದಬೇಕಾದ್ದು ಆ ಜಾಗಗಳನ್ನೇ. ತಿದ್ದಿದ ಮೇಲೆ ಅದೇ ಶರ್ಟನ್ನು ಇನ್ನೊಂದು ಬಣ್ಣದಲ್ಲಿ 30 ಹೊಲಿಸಿ. ಪ್ಯಾಟರ್ನಿನ ಖರ್ಚು ಆಗಲೇ ತೀರಿರುತ್ತದೆ, ಹಾಗಾಗಿ ಈ ಸಲ ಹೊಲಿಯುವವರಿಗೆ ಸ್ವಲ್ಪ ಜಾಸ್ತಿ ಕೊಡಲೂ ಆಗುತ್ತದೆ.